ಹಾಲಿನಲ್ಲಿ ಉಳಿಯುವ ಔಷಧಾಂಶದ ಪರೀಕ್ಷೆ: ಮಾದರಿಯನ್ನು ತಾನಾಗಿ ಊಡಿಸುವ ಯಂತ್ರದ ವಿಚಾರ

ಹಸು ಎಮ್ಮೆಗಳಿಗೆ ಕೆಚ್ಚಲು ಬಾವು ಬಂದಾಗ ಪಶುವೈದ್ಯರು ಪೆನಿಸಿಲಿನ್, ಆಕ್ಸಿಟೆಟ್ರಾಸೈಕ್ಲಿನ್ ಮೊದಲಾದ ಔಷಧಗಳನ್ನು ಉಪಯೋಗಿಸುವುದು ಎಲ್ಲರಿಗೂ ತಿಳಿದ ವಿಷಯವೇ ಆಗಿದೆ. ಈ ಔಷಧಗಳಿಂದ ರೋಗವು ವಾಸಿಯಾಗುವುದಾದರೂ, ಅವುಗಳ ಒಂದು ಅಂಶವು ಕೆಲವು ದಿವಸಗಳ ಪರ್ಯಂತ ಹಾಲಿನೊಡನೆ ಹೊರಬೀಳುತ್ತಿರುತ್ತದೆ. ಇಂಥಾ ಹಾಲು ಕಣ್ಣಿಗೂ ಮೂಗಿಗೂ ನಾಲಗೆಗೂ ಶುದ್ಧವಾದ ಹಾಲಿನಂತೆಯೇ ತೋರುವುದು. ಕಾಯಿಸಿದ ಮಾತ್ರದಿಂದ ಅದರ ದೋಷವು ಪರಿಹಾರವಾಗುವುದೂ ಇಲ್ಲ. ಪೆನಿಸಿಲಿನ್ ಒಗ್ಗದ ಮನುಷ್ಯರಿಗೆ ಅದರಿಂದ ಮೈಮೇಲೆ ದದ್ದು ಏಳುವುದೇ ಮುಂತಾದ ಬಾಧೆಗಳು ಸಂಭವಿಸಬಹುದು. ಹೆಪ್ಪು ಹಾಕಿದರೆ ಮೊಸರಿನ ಸೂಕ್ಷ್ಮಜೀವಿಗಳು ಬೆಳೆಯದೆ ಮೊಸರು ಸರಿಯಾಗಿ ಹೆಪ್ಪುಗಟ್ಟದು. ಇವೆಲ್ಲಕ್ಕಿಂತಲೂ ಹೆಚ್ಚಿನ ಅಪಾಯವೇನೆಂದರೆ, ಸ್ವಲ್ಪಸ್ವಲ್ಪವಾಗಿ ಔಷಧದ ಸಂಪರ್ಕಕ್ಕೆ ಬಂದ ರೋಗಾಣುಗಳು ಕ್ರಮೇಣ ಅದಕ್ಕೆ ಬಗ್ಗದ ಬಲವನ್ನು ಪಡೆದು, ಮುಂದೆ ಮನುಷ್ಯರಿಗಾಗಲಿ ದನಕರುಗಳಿಗಾಗಲಿ ನಿಜವಾಗಿ ಔಷಧವು ಬೇಕಾದಾಗ ಅದು ನಿಷ್ಫಲವಾಗುವುದು.

ಕೆಲವು ಕಾಲದ ಹಿಂದೆ ಒಂದು ಗ್ರಾಮದಲ್ಲಿ ಔಷಧಾಂಶವಿದೆಯೆಂಬ ಕಾರಣದಿಂದ ಒಬ್ಬ ರೈತರ ಹಾಲು ನಿರಾಕರಿಸಲ್ಪಟ್ಟಿತು. ಅವರು ಈ ಲೇಖಕನನ್ನು ಕಂಡು, "ಸ್ವಾಮಿ, ಬೇರೆ ಯಾರದೋ ಸೀಸೆಯಲ್ಲಿ ಅದ್ದಿದ ಸೂಜಿಯನ್ನೇ ನನ್ನ ಸೀಸೆಗೂ ಅದ್ದಿದರಂತೆ. ಅವರ ತಪ್ಪು ನನ್ನ ತಲೆಗೆ ಬರಲಿಲ್ಲವೆಂದು ಹೇಗೆ ನಂಬಲಿ?" ಎಂದು ಕೇಳಿದರು. ಪ್ರಶ್ನೆಯು ನ್ಯಾಯವಾದದ್ದು. ಹಾಲಿನ ಬಟವಾಡೆಯಿಂದಲೇ ಮನೆಯ ಖರ್ಚನ್ನು ತೂಗಿಸುವ ಕುಟುಂಬಕ್ಕೆ ಇಂಥಾ ನಿರಾಕರಣೆಯು ಹಣದ ನಷ್ಟವೂ ಹೌದು, ಮರ್ಯಾದೆಯ ನಷ್ಟವೂ ಹೌದು. ಆದಕಾರಣ ಸದರಿ ಪರೀಕ್ಷೆಯು ಹೇಗೆ ನಡೆಯುತ್ತದೆ, ಒಂದೇ ಸೂಜಿಯು ನೂರಾರು ಮಾದರಿಗಳನ್ನು ಹೇಗೆ ಮುಟ್ಟುತ್ತದೆ, ಅದರಲ್ಲಿ ತಪ್ಪು ನುಸುಳದಂತೆ ಏನೇನು ಕಟ್ಟುಪಾಡುಗಳಿವೆ ಎಂಬುದನ್ನು ವಾಚಕರಿಗೆ ಸಂಕ್ಷೇಪವಾಗಿ ತಿಳಿಸುವುದೇ ಈ ಲೇಖನದ ಉದ್ದೇಶವಾಗಿದೆ.

೧. ಮಿತಿಯು ಎಷ್ಟು ಸೂಕ್ಷ್ಮವಾದದ್ದು

ಅಂತರರಾಷ್ಟ್ರೀಯ ಆಹಾರಸಂಹಿತೆಯಾದ ಕೋಡೆಕ್ಸಿನ ಪ್ರಕಾರ ಒಂದು ಲೀಟರು ಹಾಲಿನಲ್ಲಿ ಆಕ್ಸಿಟೆಟ್ರಾಸೈಕ್ಲಿನ್ ೧೦೦ ಮೈಕ್ರೋಗ್ರಾಂ ಮೀರಕೂಡದು. ಬೆಂಜೈಲ್ ಪೆನಿಸಿಲಿನ್ ೪ ಮೈಕ್ರೋಗ್ರಾಂ ಮೀರಕೂಡದು. ಒಂದು ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದ ಒಂದು ಪಾಲು. ಕ್ಲೋರಾಮ್‌ಫೆನಿಕಾಲ್ ಎಂಬ ಔಷಧವು ಕೆಲವರಲ್ಲಿ ರಕ್ತ ಹುಟ್ಟುವ ಮಜ್ಜೆಯನ್ನೇ ಕೆಡಿಸಬಲ್ಲುದಾದ್ದರಿಂದ, ಆಹಾರಕ್ಕೆ ಒದಗುವ ಪ್ರಾಣಿಗಳಿಗೆ ಅದನ್ನು ಕೊಡಲೇಕೂಡದೆಂಬ ನಿಷೇಧವು ಅನೇಕ ದೇಶಗಳಲ್ಲಿದೆ. ಯುರೋಪಿನ ಒಕ್ಕೂಟವು ೨೦೨೨ನೆಯ ಇಸವಿಯ ನವೆಂಬರಿನಿಂದ ಇದರ ವಿಷಯದಲ್ಲಿ ಕಿಲೋಗ್ರಾಮಿಗೆ ೦.೧೫ ಮೈಕ್ರೋಗ್ರಾಮನ್ನು ಕ್ರಮ ಜರುಗಿಸುವ ಗಡಿಯಾಗಿ ಇಟ್ಟುಕೊಂಡಿದೆ. ಹತ್ತು ಟನ್ನು ಹಿಡಿಯುವ ನೂರು ಲಾರಿಗಳ ತುಂಬ ಜೇನುತುಪ್ಪವನ್ನು ತುಂಬಿ, ಅಷ್ಟಕ್ಕೂ ಸೇರಿ ಒಂದು ಗ್ರಾಮಿನ ಆರನೆಯ ಒಂದು ಪಾಲಿಗಿಂತಲೂ ಕಡಮೆಯಾದ ಔಷಧವನ್ನು ಬೆರಸಿದರೆ ಎಷ್ಟೋ ಅಷ್ಟು ಇದು. ೨೦೧೦ನೆಯ ಇಸವಿಯಲ್ಲಿ ಯುರೋಪಿನ ಒಕ್ಕೂಟವು ಭಾರತದ ಜೇನಿನ ಆಮದನ್ನು ತಡೆದಾಗ, ಇಂಥಾ ಶೇಷಾಂಶಗಳ ಮೇಲಿನ ಹತೋಟಿಯ ವಿಷಯವೇ ಮುಖ್ಯವಾಗಿ ಪ್ರಸ್ತಾಪಕ್ಕೆ ಬಂದಿತು. ಆದುದರಿಂದ ಪರೀಕ್ಷೆಯ ಸೂಕ್ಷ್ಮತೆಯು ಕೇವಲ ವಿದ್ವಾಂಸರ ವಿನೋದವಲ್ಲ. ಅದು ಉತ್ಪಾದಕರ ಮಾರುಕಟ್ಟೆಯ ಪ್ರಶ್ನೆಯಾಗಿರುತ್ತದೆ.

೨. ಮೊದಲನೆಯ ಜರಡಿ

ಎಲ್ಲ ಹಾಲನ್ನೂ ಬೆಲೆಯುಳ್ಳ ಯಂತ್ರದಲ್ಲಿ ಪರೀಕ್ಷಿಸಲಾಗುವುದಿಲ್ಲ. ಮೊದಲು ಸುಲಭವಾದ ಒಂದು ಜರಡಿಯನ್ನು ಹಿಡಿಯುತ್ತಾರೆ. ಔಷಧಕ್ಕೆ ಬೇಗ ಸೋಲುವ ಒಂದು ಜಾತಿಯ ಸೂಕ್ಷ್ಮಜೀವಿಯನ್ನು ಬಣ್ಣ ಕೂಡಿಸಿದ ಆಹಾರದಲ್ಲಿ ಇಟ್ಟು, ಅದರ ಮೇಲೆ ಹಾಲಿನ ಹನಿಯನ್ನು ಹಾಕಿ, ೬೪ ಡಿಗ್ರಿ ಸೆಂಟಿಗ್ರೇಡಿನ ಶಾಖದಲ್ಲಿ ಸುಮಾರು ಮೂರು ಗಂಟೆ ಇರಿಸುವರು. ಹಾಲು ಶುದ್ಧವಾಗಿದ್ದರೆ ಜೀವಿಗಳು ಬೆಳೆದು ಆಮ್ಲವನ್ನು ಹುಟ್ಟಿಸುವುದರಿಂದ ನೇರಿಳೆ ಬಣ್ಣವು ಹಳದಿಗೆ ತಿರುಗುವುದು. ಔಷಧವಿದ್ದರೆ ಬಣ್ಣವು ಬದಲಾಗದೆ ನಿಲ್ಲುವುದು. ಈ ಕ್ರಮವು ಅಗ್ಗವೂ ಸುಲಭವೂ ಆಗಿದ್ದರೂ, ಜೀವಿಗಳ ಬೆಳವಣಿಗೆಯನ್ನು ಏನೋ ಒಂದು ತಡೆಯುತ್ತಿದೆಯೆಂದು ಮಾತ್ರ ಹೇಳುವುದೇ ಹೊರತು, ಆ ವಸ್ತುವು ಯಾವುದು, ಎಷ್ಟು ಇದೆ ಎಂಬುದನ್ನು ಹೇಳಲಾರದು. ಕೇವಲ ಇದನ್ನು ನಂಬಿ ಒಬ್ಬರ ಮೇಲೆ ತಪ್ಪನ್ನು ಹೊರಿಸುವುದು ಯುಕ್ತವಲ್ಲ. ನಿಶ್ಚಯವಾದ ತೀರ್ಪಿಗೆ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರವು ಬೇಕಾಗುತ್ತದೆ.

೩. ಅಣುವನ್ನು ತೂಗುವ ಯಂತ್ರ

ಈ ಯಂತ್ರವು ಅಣುಗಳ ತಕ್ಕಡಿಯೆಂದು ಹೇಳಬಹುದು. ಕೇಂಬ್ರಿಜ್ಜಿನಲ್ಲಿ ಜೆ. ಜೆ. ಥಾಮ್ಸನ್ನರು ೧೯೧೩ನೆಯ ಇಸವಿಯ ಹೊತ್ತಿಗೆ ನಿಯಾನ್ ಅನಿಲದಲ್ಲಿ ೨೦ ಮತ್ತು ೨೨ ತೂಕದ ಎರಡು ಬಗೆಯ ಪರಮಾಣುಗಳಿರುವ ಗುರುತನ್ನು ಕಂಡರು. ಅವರ ಸಹಾಯಕರಾಗಿದ್ದ ಎಫ್. ಡಬ್ಲ್ಯು. ಆಸ್ಟನ್ನರು ೧೯೧೯ರಲ್ಲಿ ಈ ಉಪಕರಣವನ್ನು ಉತ್ತಮಪಡಿಸಿ, ೧೯೨೨ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನವನ್ನು ಪಡೆದರು. ಇದರ ತತ್ತ್ವವು ಹೀಗಿದೆ: ಅಣುವಿಗೆ ವಿದ್ಯುದಾವೇಶವನ್ನು ಕೊಟ್ಟು, ಗಾಳಿಯನ್ನೆಲ್ಲಾ ಹೊರತೆಗೆದ ಕೋಣೆಯಲ್ಲಿ ವಿದ್ಯುತ್ತಿನ ಅಥವಾ ಅಯಸ್ಕಾಂತದ ಬಲಕ್ಕೆ ಅದನ್ನು ಒಳಪಡಿಸಿದರೆ, ಹಗುರವಾದ ಅಣುವು ಒಂದು ರೀತಿಯಾಗಿಯೂ ಭಾರವಾದದ್ದು ಮತ್ತೊಂದು ರೀತಿಯಾಗಿಯೂ ಚಲಿಸುವುವು. ಗಾಳಿಗೆ ತೂರಿದ ರಾಶಿಯಲ್ಲಿ ಕಾಳು ಹತ್ತಿರವೂ ಹೊಟ್ಟು ದೂರವೂ ಬೀಳುವಂತೆ ಅವು ಬೇರ್ಪಡುವುವು.

ಆದರೆ ಪೆನಿಸಿಲಿನ್ನಿನಂಥಾ ಔಷಧಗಳು ಕಾಯಿಸಿದರೆ ಆವಿಯಾಗುವುದಕ್ಕೆ ಮೊದಲೇ ಒಡೆದುಹೋಗುವುದರಿಂದ, ಅವುಗಳನ್ನು ಈ ಯಂತ್ರದೊಳಕ್ಕೆ ಕಳುಹಿಸುವುದು ಬಹುಕಾಲ ಕಷ್ಟವಾಗಿತ್ತು. ಅಮೆರಿಕದ ಜಾನ್ ಫೆನ್ನರು ೧೯೮೦ರ ದಶಕದಲ್ಲಿ ಇದಕ್ಕೆ ಒಂದು ದಾರಿಯನ್ನು ರೂಢಿಗೆ ತಂದರು. ದ್ರವವನ್ನು ಬಹು ಸಣ್ಣ ನಳಿಕೆಯ ತುದಿಯಿಂದ ಹೆಚ್ಚಿನ ವಿದ್ಯುತ್ ಒತ್ತಡದಲ್ಲಿ ತುಂತುರಾಗಿ ಚಿಮ್ಮಿಸಿದರೆ, ಹನಿಗಳು ಆರುತ್ತಾ ಸಣ್ಣವಾಗಿ, ಕೊನೆಗೆ ಔಷಧದ ಅಣುವು ಒಡೆಯದೆ ವಿದ್ಯುದಾವೇಶದೊಡನೆ ಉಳಿಯುವುದು. ಇದನ್ನು ಎಲೆಕ್ಟ್ರೋಸ್ಪ್ರೇ ಎಂದು ಕರೆಯುತ್ತಾರೆ. ಈ ಕಾರ್ಯಕ್ಕಾಗಿ ಫೆನ್ನರಿಗೆ ೨೦೦೨ರಲ್ಲಿ ನೊಬೆಲ್ ಬಹುಮಾನದ ಒಂದು ಪಾಲು ಸಂದಿತು.

ಬೆಂಜೈಲ್ ಪೆನಿಸಿಲಿನ್ನಿನ ಅಣುವು ಹೀಗೆ ಆವೇಶಗೊಂಡಾಗ ೩೩೫ ತೂಗುವುದು. ಯಂತ್ರವು ೩೩೫ ತೂಕದವುಗಳನ್ನು ಮಾತ್ರ ಆರಿಸಿ, ಅನಿಲದ ಅಣುಗಳಿಗೆ ಡಿಕ್ಕಿ ಹೊಡೆಯಿಸಿ ಚೂರು ಮಾಡಿ, ಆ ಚೂರುಗಳನ್ನು ಪುನಃ ತೂಗುವುದು. ೧೬೦ ಮತ್ತು ೧೭೬ ತೂಕದ ಎರಡು ಚೂರುಗಳು ಗೊತ್ತಾದ ಪ್ರಮಾಣದಲ್ಲಿ ದೊರೆತರೆ ಮಾತ್ರ ಅದು ಪೆನಿಸಿಲಿನ್ ಎಂದು ಒಪ್ಪತಕ್ಕದ್ದು. ಒಬ್ಬ ಮನುಷ್ಯನನ್ನು ಎತ್ತರದಿಂದ ಮಾತ್ರ ಗುರುತಿಸದೆ ಮುಖಲಕ್ಷಣದಿಂದಲೂ ಗುರುತಿಸುವಂತೆ ಇದು ಎರಡು ಸಾಕ್ಷಿಗಳನ್ನು ಕೇಳುವ ಕ್ರಮವಾಗಿದೆ.

೪. ಕೈಕೆಲಸದಿಂದ ಸ್ವಯಂಚಾಲನೆಗೆ

ಯಂತ್ರವು ಎಷ್ಟೇ ನಿಪುಣವಾಗಿದ್ದರೂ ಅದಕ್ಕೆ ಮಾದರಿಯನ್ನು ಊಡಿಸುವವರು ಬೇಕು. ಹಿಂದೆ ಪ್ರಯೋಗಶಾಲೆಯ ಸಹಾಯಕರು ಸಣ್ಣ ಪಿಚಕಾರಿಯಿಂದ ಒಂದೊಂದಾಗಿ ಮಾದರಿಯನ್ನು ಹಾಕುತ್ತಿದ್ದರು. ಪ್ರತಿ ಸಲವೂ ಕೈಯ ಅಳತೆಯಲ್ಲಿ ಸ್ವಲ್ಪ ಹೆಚ್ಚುಕಡಮೆಯಾಗುತ್ತಿತ್ತು. ಬೆಳಗಿನ ಕೈಗೂ ರಾತ್ರಿಯ ದಣಿದ ಕೈಗೂ ವ್ಯತ್ಯಾಸವಿರುತ್ತಿತ್ತು. ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ಲೆನರ್ಡ್ ಸ್ಕೆಗ್ಸರು ೧೯೫೭ರಲ್ಲಿ ರಕ್ತಪರೀಕ್ಷೆಗಾಗಿ ಪ್ರಕಟಿಸಿದ ಸ್ವಯಂಚಾಲಿತ ಕ್ರಮವು ಈ ತೊಂದರೆಗೆ ಒಂದು ಪರಿಹಾರವನ್ನು ತೋರಿಸಿತು. ಒಂದೇ ನಳಿಕೆಯಲ್ಲಿ ಒಂದರ ಹಿಂದೊಂದಾಗಿ ಹರಿಯುವ ಮಾದರಿಗಳ ನಡುವೆ ಗಾಳಿಯ ಗುಳ್ಳೆಗಳನ್ನಿಟ್ಟು, ಒಂದು ಇನ್ನೊಂದರೊಡನೆ ಬೆರೆಯುವುದನ್ನು ಅವರು ಬಹುಮಟ್ಟಿಗೆ ತಪ್ಪಿಸಿದರು. ಮೇಲ್ಕಂಡ ರೈತರು ಕೇಳಿದ ಪ್ರಶ್ನೆಯೂ ಸ್ಕೆಗ್ಸರು ಗುಳ್ಳೆಗಳಿಂದ ಬಿಡಿಸಹೊರಟ ಪ್ರಶ್ನೆಯೂ ಒಂದೇ ಎಂಬುದನ್ನು ಗಮನಿಸಬೇಕು.

ಈಗಿನ ಊಡಿಸುವ ಯಂತ್ರಕ್ಕೆ ಆಟೋಸ್ಯಾಂಪ್ಲರ್ ಎಂದು ಹೆಸರು. ಅದರ ತಟ್ಟೆಯಲ್ಲಿ ಸುಮಾರು ಎರಡು ಮಿಲಿಲೀಟರು ಹಿಡಿಯುವ ಗಾಜಿನ ಸೀಸೆಗಳಾಗಲಿ, ೮ ಸಾಲು ೧೨ ಕಂಬದಂತೆ ೯೬ ಗುಳಿಗಳುಳ್ಳ ಫಲಕವಾಗಲಿ ಇರುವುದು. ಒಂದು ಮಾದರಿಗೆ ೮ ನಿಮಿಷ ಹಿಡಿಯುವುದೆಂದರೆ ೯೬ ಮಾದರಿಗಳಿಗೆ ೧೨ ಗಂಟೆ ೪೮ ನಿಮಿಷವಾಗುವುದು. ಸಾಯಂಕಾಲ ತುಂಬಿಸಿಟ್ಟು ಹೋದರೆ ಬೆಳಗಾಗುವುದರೊಳಗೆ ಕೆಲಸವು ಪೂರೈಸುವುದು.

೫. ಸೂಜಿಯ ಕೆಲಸ

ಹಾಲನ್ನು ಹಾಗೆಯೇ ಯಂತ್ರಕ್ಕೆ ಹಾಕುವುದಿಲ್ಲ. ಅಳೆದ ಹಾಲಿಗೆ ಮೊದಲು ಗುರುತಿನ ಔಷಧವನ್ನು ಗೊತ್ತಾದ ಪ್ರಮಾಣದಲ್ಲಿ ಸೇರಿಸುತ್ತಾರೆ. ಇದೂ ಪೆನಿಸಿಲಿನ್ನೇ; ಆದರೆ ಇದರಲ್ಲಿ ಏಳು ಜಲಜನಕ ಪರಮಾಣುಗಳ ಸ್ಥಾನದಲ್ಲಿ ಏಳು ಭಾರ ಜಲಜನಕ ಪರಮಾಣುಗಳಿರುವುದರಿಂದ ಆವೇಶಗೊಂಡಾಗ ೩೩೫ರ ಬದಲು ೩೪೨ ತೂಗುವುದು. ಅನಂತರ ಅಸಿಟೋನೈಟ್ರೈಲ್ ಎಂಬ ದ್ರವವನ್ನು ಕೂಡಿಸಿದರೆ ಹಾಲಿನ ಸಸಾರಜನಕ ವಸ್ತುವು ಗರಣೆಗಟ್ಟಿ ಕೆಳಗಿಳಿಯುವುದು. ವೇಗವಾಗಿ ತಿರುಗಿಸಿ, ಸೋಸಿ, ತಿಳಿಯಾದ ದ್ರವವನ್ನು ಸೀಸೆಗೆ ತುಂಬುವರು.

ಆಟೋಸ್ಯಾಂಪ್ಲರಿನ ಸೂಜಿಯು ಸೀಸೆಯ ಮುಚ್ಚಳದ ಮೆತ್ತನೆಯ ಬಿಲ್ಲೆಯನ್ನು ಚುಚ್ಚಿ, ಕೆಲವು ಮೈಕ್ರೋಲೀಟರು ದ್ರವವನ್ನು ಮಾತ್ರ ಹೀರುವುದು. ಒಂದು ಮೈಕ್ರೋಲೀಟರೆಂದರೆ ಮಿಲಿಲೀಟರಿನ ಸಾವಿರದ ಒಂದು ಪಾಲು. ಇದನ್ನು ಮುಂದಿನ ನಳಿಕೆಯೊಳಕ್ಕೆ ಸುಮ್ಮನೆ ಸುರಿಯಲಾಗದು; ಏಕೆಂದರೆ ಅಲ್ಲಿ ದ್ರವವು ನೂರಾರು ವಾತಾವರಣಗಳ ಒತ್ತಡದಲ್ಲಿ ಹರಿಯುತ್ತಿರುತ್ತದೆ. ಅದಕ್ಕಾಗಿ ಆರು ಬಾಯಿಗಳುಳ್ಳ ಒಂದು ತಿರುಗುವ ವಾಲ್ವ್ ಇದೆ. ಮೊದಲನೆಯ ಸ್ಥಿತಿಯಲ್ಲಿ ಪಂಪಿನ ದ್ರವವು ನೇರವಾಗಿ ಮುಂದಕ್ಕೆ ಹೋಗುತ್ತಿರುವಾಗ, ಮಾದರಿಯು ಪಕ್ಕದ ಒಂದು ಸಣ್ಣ ಸುರುಳಿ ನಳಿಕೆಯಲ್ಲಿ ತುಂಬಿಕೊಳ್ಳುವುದು. ವಾಲ್ವು ಸ್ವಲ್ಪ ತಿರುಗಿದೊಡನೆ ಪಂಪಿನ ಹರಿವು ಆ ಸುರುಳಿಯ ಮೂಲಕವೇ ಹಾಯ್ದು ಮಾದರಿಯನ್ನು ತಳ್ಳಿಕೊಂಡು ಹೋಗುವುದು. ದೊಡ್ಡ ಕಾಲುವೆಯ ನೀರನ್ನು ನಿಲ್ಲಿಸದೆ, ಒಂದು ಬಾಯಿಗೆ ಮಣ್ಣು ಕಟ್ಟಿ ಮತ್ತೊಂದು ಬಾಯನ್ನು ತೆರೆದು ನೀರನ್ನು ಬೇರೆ ಪಾತಿಯ ಮೇಲೆ ಹಾಯಿಸುವ ಕೆಲಸಕ್ಕೆ ಇದನ್ನು ಹೋಲಿಸಬಹುದು.

ಹೀಗೆ ಹೊರಟ ಮಾದರಿಯು ನಯವಾದ ಪುಡಿಯನ್ನು ಒತ್ತಿ ತುಂಬಿದ ಒಂದು ಉಕ್ಕಿನ ಕೊಳವೆಯ ಮೂಲಕ ಹೋಗುವುದು. ಒಂದೊಂದು ವಸ್ತುವೂ ಆ ಪುಡಿಗೆ ಒಂದೊಂದು ಪ್ರಮಾಣದಲ್ಲಿ ಅಂಟಿಕೊಂಡು ತಡವಾಗುವುದರಿಂದ ಅವು ಬೇರೆಬೇರೆ ಹೊತ್ತಿಗೆ ಹೊರಬರುವುವು. ಹೊರಬಂದ ಹೊತ್ತು ಎಂಬುದು ಮೂರನೆಯ ಸಾಕ್ಷಿಯು.

೬. ಒಬ್ಬರ ದೋಷವು ಮತ್ತೊಬ್ಬರಿಗೆ ತಗಲದಂತೆ

ಈಗ ಮುಖ್ಯವಾದ ಪ್ರಶ್ನೆಗೆ ಬರೋಣ. ಸೂಜಿಯ ಒಳಮೈಗೂ ಹೊರಮೈಗೂ ವಾಲ್ವಿನ ಸಂದಿಗೂ ಹಿಂದಿನ ಮಾದರಿಯ ಲೇಶವು ಅಂಟಿಕೊಂಡು ಮುಂದಿನದಕ್ಕೆ ಸೇರಬಹುದೆಂಬುದು ಸುಳ್ಳಲ್ಲ. ಉದಾಹರಣೆಗೆ, ಮೊದಲನೆಯ ಸೀಸೆಯಲ್ಲಿ ಲೀಟರಿಗೆ ೧೦,೦೦೦ ಮೈಕ್ರೋಗ್ರಾಂ ಪೆನಿಸಿಲಿನ್ ಇದೆಯೆಂದೂ, ಅದರಲ್ಲಿ ಸಾವಿರಕ್ಕೆ ಒಂದು ಪಾಲು ಹಿಂದೆ ಉಳಿಯಿತೆಂದೂ ಭಾವಿಸೋಣ. ಆಗ ಎರಡನೆಯ ಸೀಸೆಯ ಹಾಲು ಪೂರಾ ಶುದ್ಧವಾಗಿದ್ದರೂ ೧೦ ಮೈಕ್ರೋಗ್ರಾಂ ಇರುವಂತೆ ಕಾಣುವುದು. ಮಿತಿಯು ೪ ಆಗಿರುವುದರಿಂದ ನಿರಪರಾಧಿಯು ಅಪರಾಧಿಯಾಗುವನು. ಆದಕಾರಣ ಈ ಕೆಳಗಣ ಕಟ್ಟುಪಾಡುಗಳು ಏರ್ಪಟ್ಟಿವೆ.

ಮೊದಲನೆಯದಾಗಿ, ಪ್ರತಿ ಮಾದರಿಯ ಅನಂತರವೂ ಸೂಜಿಯು ತಾನಾಗಿ ತೊಳೆಯುವ ದ್ರವದಲ್ಲಿ ಒಳಗೂ ಹೊರಗೂ ತೊಳೆಯಲ್ಪಡುವುದು.

ಎರಡನೆಯದಾಗಿ, ಸಾಲಿನ ಮಧ್ಯೆಮಧ್ಯೆ ಔಷಧವೇ ಇಲ್ಲದ ಬರೀ ದ್ರವದ ಸೀಸೆಗಳನ್ನೂ, ಶುದ್ಧವೆಂದು ಗೊತ್ತಿರುವ ಹಾಲಿನ ಸೀಸೆಗಳನ್ನೂ ಇಡುವರು. ಹೆಚ್ಚಿನ ಔಷಧವುಳ್ಳ ಸೀಸೆಯ ಅನಂತರ ಬರುವ ಈ ಬರಿಯ ಸೀಸೆಯಲ್ಲಿ ಏನಾದರೂ ಕಂಡುಬಂದರೆ, ಹಿಂದಿನದು ಉಳಿದಿದೆಯೆಂದು ಗೊತ್ತಾಗುವುದು; ಆಗ ಅದರ ಮುಂದಿನ ಮಾದರಿಗಳ ಫಲಿತಾಂಶವನ್ನು ಒಪ್ಪದೆ ಪುನಃ ನಡೆಯಿಸಬೇಕು.

ಮೂರನೆಯದಾಗಿ, ಗೊತ್ತಾದ ಪ್ರಮಾಣದ ಔಷಧವನ್ನು ಕೂಡಿಸಿದ ಮಾದರಿಗಳನ್ನು ಸಾಲಿನ ಮೊದಲಿಗೂ ನಡುವಿಗೂ ಕೊನೆಗೂ ಇಡುವರು. ಪೆನಿಸಿಲಿನ್ ನೀರಿನಲ್ಲಿ ನಿಧಾನವಾಗಿ ನಾಶವಾಗುವ ವಸ್ತುವಾದ್ದರಿಂದ, ಹನ್ನೆರಡು ಗಂಟೆ ಸರದಿಯಲ್ಲಿ ಕಾಯ್ದ ಸೀಸೆಯಲ್ಲಿ ಅದು ಕಡಮೆಯಾಗಬಹುದು. ಇದನ್ನು ತಡೆಯುವುದಕ್ಕಾಗಿ ತಟ್ಟೆಯನ್ನು ೪ರಿಂದ ೧೦ ಡಿಗ್ರಿಯವರೆಗಿನ ತಂಪಿನಲ್ಲಿ ಇಡುವುದು ವಾಡಿಕೆ. ಮೊದಲಿನ ಅಳತೆಯೂ ಕೊನೆಯ ಅಳತೆಯೂ ಹೊಂದಿದರೆ ನಡುವಿನವುಗಳನ್ನು ನಂಬಬಹುದು.

ನಾಲ್ಕನೆಯದಾಗಿ, ೩೪೨ ತೂಕದ ಗುರುತಿನ ಔಷಧವು ಪ್ರತಿ ಸೀಸೆಯೊಳಗೂ ಕುಳಿತ ಕಾವಲುಗಾರನಂತಿದೆ. ಸೂಜಿಯು ಕಟ್ಟಿಕೊಂಡು ದ್ರವದ ಬದಲು ಗಾಳಿಯನ್ನು ಹೀರಿದರೆ ಈ ಗುರುತೂ ಕುಗ್ಗುವುದು. ಯಂತ್ರವು ಏನೂ ಕಾಣದಿರುವುದನ್ನು ಶುದ್ಧವಾದ ಹಾಲೆಂದು ತಪ್ಪಾಗಿ ತಿಳಿಯುವ ಸಂಭವವಿಲ್ಲ. ಹಾಲಿನ ಕೊಬ್ಬು, ಉಪ್ಪು ಮೊದಲಾದುವು ತುಂತುರಿನಲ್ಲಿ ಔಷಧದ ಗುರುತನ್ನು ಅಡಗಿಸುವುದುಂಟು. ಆಗ ಎರಡು ಪೆನಿಸಿಲಿನ್ನುಗಳೂ ಒಂದೇ ಪ್ರಮಾಣದಲ್ಲಿ ಅಡಗುವುದರಿಂದ ಅವುಗಳ ಪರಸ್ಪರ ಪ್ರಮಾಣವು ಕೆಡುವುದಿಲ್ಲ.

ಐದನೆಯದಾಗಿ, ಯಂತ್ರವು ಸೀಸೆಯ ಸ್ಥಾನವನ್ನು ಮಾತ್ರ ಬಲ್ಲುದು. ಹಾಲು ಯಾರದೆಂಬುದನ್ನು ಅರಿಯದು. ೧೭ನೆಯ ಸ್ಥಾನದಲ್ಲಿ ೧೮ನೆಯವರ ಸೀಸೆಯನ್ನಿಟ್ಟರೆ ಅದು ಆ ತಪ್ಪನ್ನು ನಿಷ್ಠೆಯಿಂದ ಬರೆದುಕೊಳ್ಳುವುದು. ಆದುದರಿಂದ ಸೀಸೆಯ ಚೀಟಿ, ಪಟ್ಟಿ, ಸ್ಥಾನ ಈ ಮೂರನ್ನೂ ಇನ್ನೊಬ್ಬರು ತಾಳೆ ನೋಡತಕ್ಕದ್ದು.

೭. ವೇಗದ ಹೊಸ ಕ್ರಮಗಳು

ಇತ್ತೀಚೆಗೆ ಪುಡಿ ತುಂಬಿದ ಉದ್ದ ಕೊಳವೆಯನ್ನು ಬಿಟ್ಟು, ಮಾದರಿಯನ್ನು ಹೆಚ್ಚುಕಡಮೆ ನೇರವಾಗಿಯೇ ಊಡಿಸುವ ಕ್ರಮಗಳು ಬಂದಿವೆ. ಒಂದರಲ್ಲಿ ಮಾದರಿಯನ್ನು ಹೀರಿ, ಸಣ್ಣ ಶೋಧಕದಲ್ಲಿ ಉಪ್ಪನ್ನು ತೊಳೆದು, ಸುಮಾರು ಹತ್ತು ಸೆಕೆಂಡಿಗೆ ಒಂದರಂತೆ ಕಳುಹಿಸುತ್ತಾರೆ. ಹೀಗಾದರೆ ೯೬ ಮಾದರಿಗಳು ೧೬ ನಿಮಿಷಕ್ಕೆ ಮುಗಿಯುವುವು. ಮತ್ತೊಂದರಲ್ಲಿ ಸೂಜಿಯೇ ಇಲ್ಲ. ಗುಳಿಯ ತಳದಿಂದ ಕಿವಿಗೆ ಕೇಳಿಸದ ಶಬ್ದದ ಅಲೆಯನ್ನು ಹಾಯಿಸಿ, ದ್ರವದ ಮೇಲ್ಮೈಯಿಂದ ಬಹು ಸಣ್ಣ ಹನಿಯನ್ನು ಮೇಲಕ್ಕೆ ಚಿಮ್ಮಿಸಿ, ಹರಿಯುವ ದ್ರವದ ಬಾಯಲ್ಲಿ ಹಿಡಿದು ಯಂತ್ರಕ್ಕೆ ಒಯ್ಯುವರು. ಮುಟ್ಟುವ ಸೂಜಿಯೇ ಇಲ್ಲದ್ದರಿಂದ ಸೂಜಿಯ ಅಂಟೂ ಇಲ್ಲ. ಒಂದು ಮಾದರಿಗೆ ಸುಮಾರು ಒಂದು ಸೆಕೆಂಡು ಸಾಕು. ಹೊಸ ಔಷಧಗಳನ್ನು ಹುಡುಕುವ ಕಾರ್ಯದಲ್ಲಿ, ಸಾವಿರಾರು ವಸ್ತುಗಳನ್ನು ಪರೀಕ್ಷಿಸಬೇಕಾದಲ್ಲಿ, ಇದು ಬಹಳ ಪ್ರಯೋಜನಕಾರಿಯಾಗಿದೆ.

ಆದರೆ ವೇಗಕ್ಕೆ ಬೆಲೆಯನ್ನು ತೆರಬೇಕು. ಕೊಳವೆಯನ್ನು ಬಿಟ್ಟರೆ ಮೇಲೆ ಹೇಳಿದ ಮೂರನೆಯ ಸಾಕ್ಷಿಯು ಹೋಗುವುದು. ಟೆಟ್ರಾಸೈಕ್ಲಿನ್ ಮತ್ತು ಡಾಕ್ಸಿಸೈಕ್ಲಿನ್ ಎಂಬ ಎರಡು ಬೇರೆ ಔಷಧಗಳು ಒಂದೇ ಬಗೆಯ, ಒಂದೇ ಸಂಖ್ಯೆಯ ಪರಮಾಣುಗಳಿಂದಾದುವು. ಎರಡೂ ೪೪೪ ತೂಗುವುವು. ತಕ್ಕಡಿಯೊಂದರಿಂದಲೇ ಇವುಗಳನ್ನು ಬೇರ್ಪಡಿಸಲಾಗದು. ಇವು ಕೊಳವೆಯಿಂದ ಹೊರಬರುವ ಹೊತ್ತು ಬೇರೆಯಾಗಿರುವುದರಿಂದ ಸುಲಭವಾಗಿ ತಿಳಿಯುವುದು. ಆದ್ದರಿಂದ ವೇಗದ ಕ್ರಮವನ್ನು ಜರಡಿಯಾಗಿ ಉಪಯೋಗಿಸಿ, ಸಂದೇಹವುಳ್ಳ ಮಾದರಿಯನ್ನು ನಿಧಾನವಾದ ಕ್ರಮದಿಂದ ನಿಶ್ಚಯಿಸುವುದೇ ಉಚಿತವೆಂದು ತೋರುತ್ತದೆ.

೮. ರೈತರು ಗಮನಿಸತಕ್ಕ ಸಂಗತಿಗಳು

ಮೇಲ್ಕಂಡ ರೈತರ ವಿಷಯವು ಏನಾಯಿತೆಂದು ವಾಚಕರು ಕೇಳಬಹುದು. ಆ ದಿವಸದ ಸಾಲಿನ ಪಟ್ಟಿಯನ್ನು ತರಿಸಿ ನೋಡಲಾಗಿ, ಅವರ ಸೀಸೆಗೆ ಮುಂಚಿನದು ಬರೀ ದ್ರವದ ಸೀಸೆಯಾಗಿದ್ದು, ಅದರಲ್ಲಿ ಏನೂ ಕಂಡಿರಲಿಲ್ಲ. ಕಾದಿರಿಸಿದ್ದ ಎರಡನೆಯ ಪಾಲನ್ನು ಪರೀಕ್ಷಿಸಿದಾಗಲೂ ಅದೇ ಫಲವು ಬಂದಿತು. ಆದರೆ ಅವರು ಸುಳ್ಳನ್ನೂ ಹೇಳಿರಲಿಲ್ಲ. ಬಾವು ಬಂದ ಒಂದು ಮೊಲೆಗೆ ಔಷಧವನ್ನು ಏರಿಸಿದ್ದರಿಂದ, ಆ ಮೊಲೆಯ ಹಾಲನ್ನು ಮಾತ್ರ ಚೆಲ್ಲಿ, ಉಳಿದ ಮೂರರ ಹಾಲನ್ನು ಒಳ್ಳೆಯದೆಂದು ನಂಬಿ ಸಂಘಕ್ಕೆ ಹಾಕಿದ್ದರು. ಒಂದು ಮೊಲೆಗೆ ಏರಿಸಿದ ಔಷಧವು ರಕ್ತದ ಮೂಲಕ ಉಳಿದ ಮೊಲೆಗಳಿಗೂ ಬರುವುದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದವರಲ್ಲಿ ಈ ಲೇಖಕನೂ ಒಬ್ಬನು.

ಆದಕಾರಣ ಈ ಕೆಳಗಣ ಸಂಗತಿಗಳನ್ನು ನೆನಪಿನಲ್ಲಿಡುವುದು ಅಗತ್ಯ. ಔಷಧ ಕೊಟ್ಟ ಹಸುವಿನ ನಾಲ್ಕು ಮೊಲೆಗಳ ಹಾಲನ್ನೂ, ಔಷಧದ ಚೀಟಿಯಲ್ಲಿ ಹೇಳಿದ ಅವಧಿಯು ಮುಗಿಯುವ ಪರ್ಯಂತ, ಮಾರದೆ ಇರತಕ್ಕದ್ದು. ಅವಧಿಯು ನಿರ್ಧಾರವಾಗಿಲ್ಲದ ಔಷಧಗಳ ವಿಷಯದಲ್ಲಿ ಹಾಲಿಗೂ ಮೊಟ್ಟೆಗೂ ೭ ದಿವಸಕ್ಕೆ, ಮಾಂಸಕ್ಕೆ ೨೮ ದಿವಸಕ್ಕೆ ಕಡಮೆಯಾಗಬಾರದೆಂದು ೨೦೧೨ರಲ್ಲಿ ತಿದ್ದುಪಡಿಯಾದ ಭಾರತದ ಔಷಧ ನಿಯಮಗಳು ವಿಧಿಸುತ್ತವೆ. ಔಷಧ ಕೊಟ್ಟ ದಿವಸ, ಅದರ ಹೆಸರು, ಹಸುವಿನ ಗುರುತು ಇವುಗಳನ್ನು ಕೊಟ್ಟಿಗೆಯ ಗೋಡೆಯ ಮೇಲಾದರೂ ಬರೆದಿಡಬೇಕು. ಔಷಧ ಕೊಟ್ಟ ಹಸುವನ್ನು ಎಲ್ಲಕ್ಕೂ ಕೊನೆಯಲ್ಲಿ ಕರೆದು, ಪಾತ್ರೆಯನ್ನು ಬೇರೆಯಾಗಿ ಇಡಬೇಕು. ಯಂತ್ರದ ಸೂಜಿಗೆ ಅಂಟುವ ಲೇಶದಂತೆಯೇ ಹಾಲಿನ ತಂಬಿಗೆಗೂ ಅಂಟುವ ಲೇಶವುಂಟು. ಮಾದರಿಯನ್ನು ತೆಗೆಯುವಾಗ ಎದುರಿಗೆ ನಿಂತು, ಸೀಸೆಯ ಮೇಲೆ ತಮ್ಮ ಹೆಸರಿನ ಚೀಟಿಯು ಸರಿಯಾಗಿರುವುದನ್ನು ನೋಡಿಕೊಳ್ಳಬೇಕು. ಫಲವು ವಿರುದ್ಧವಾಗಿ ಬಂದಲ್ಲಿ, ಎರಡನೆಯ ಪಾಲನ್ನು ಪರೀಕ್ಷಿಸಿದ್ದಾರೆಯೇ, ಹಿಂದಿನ ಬರಿಯ ಸೀಸೆಯು ಶುದ್ಧವಾಗಿತ್ತೇ ಎಂದು ಕೇಳಬೇಕು. ಹೀಗೆ ಕೇಳುವುದು ಜಗಳವಲ್ಲ. ಒಳ್ಳೆಯ ಪ್ರಯೋಗಶಾಲೆಯು ಈ ಪ್ರಶ್ನೆಗೆ ಉತ್ತರವನ್ನು ಬರೆದೇ ಇಟ್ಟಿರುತ್ತದೆ.

ಒಂದು ಕೊಟ್ಟಿಗೆಯ ಹಾಲು ಸಂಘದ ತೊಟ್ಟಿಯಲ್ಲಿ ನೂರು ಕೊಟ್ಟಿಗೆಗಳ ಹಾಲಿನೊಡನೆ ಬೆರೆಯುವುದು. ಯಂತ್ರದಲ್ಲಾದರೋ ಒಬ್ಬರದು ಮತ್ತೊಬ್ಬರದಕ್ಕೆ ತಗಲದಂತೆ ತೊಳೆಯುವ ಏರ್ಪಾಡಿದೆ. ತೊಟ್ಟಿಯಲ್ಲಿ ಒಮ್ಮೆ ಬೆರೆತದ್ದನ್ನು ತೊಳೆದು ಬೇರ್ಪಡಿಸುವ ಉಪಾಯವು ಯಾವುದೂ ಇಲ್ಲ. ಅಲ್ಲಿ ಕಾಯತಕ್ಕವರು ಹಾಲು ಕರೆಯುವವರೇ ಆಗಿರುತ್ತಾರೆ.